ಎಂಟು ಮಿಲಿಮೀಟರಿನೊಳಗೆ ಅಮ್ಮ

ಅಟ್ಟದ ಮೇಲಿನ ಟ್ರಂಕಿನಲ್ಲಿ ಏನೇನಿರುತ್ತದೆಂದು ನಿಮಗೂ ಗೊತ್ತು. ಹಿಡಿ ಮುರಿದ ಸೌಟು, ಯಾರದೋ ಬಾಣಂತನದ ಕಂಬಳಿ, ಬೆಳ್ಳಿ ಜರಿ ಕಪ್ಪಾದ ಸೀರೆ. ನಮ್ಮ ತೀರ್ಥಹಳ್ಳಿ ಕಡೆಯ ತವರು ಮನೆಯ ಟ್ರಂಕಿನಲ್ಲಿ ಇವುಗಳ ಅಡಿಗೆ ಒಂದು ಬಿಸ್ಕತ್ತಿನ ಡಬ್ಬಿಯೂ ಇತ್ತು. ತೆರೆದರೆ ಏಳು ಕ್ಯಾಸೆಟ್ಟು. ಹಾಡಿನ ಕ್ಯಾಸೆಟ್ಟಿನಷ್ಟೇ ದೊಡ್ಡವು, ತುಸು ದಪ್ಪ. ಒಂದರ ಮೇಲೆ ಅಣ್ಣನ ಅಕ್ಷರದಲ್ಲಿ 'ದೀಪಾವಳಿ 91' ಎಂದು ಬರೆದಿತ್ತು.

ನಾನು ಅಲ್ಲೇ ಅಟ್ಟದ ಧೂಳಿನಲ್ಲಿ ಕೂತುಬಿಟ್ಟೆ. ಅಮ್ಮ ಹೋದದ್ದು 1994ರಲ್ಲಿ. ಆಕೆಯ ಫೋಟೋಗಳೇನೋ ಮನೆ ತುಂಬ ಇವೆ. ಆದರೆ ದನಿ? ಇತ್ತೀಚಿನ ವರ್ಷಗಳಲ್ಲಿ ಎಷ್ಟು ಕಣ್ಣು ಮುಚ್ಚಿ ನೆನೆದರೂ ಅಮ್ಮನ ದನಿ ಕಿವಿಗೆ ಬರುತ್ತಿರಲಿಲ್ಲ. ಆಡಿದ ಮಾತು ನೆನಪಿದೆ, ದನಿ ಮರೆತಿದೆ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಅಣ್ಣ ಆಗ ಮಸ್ಕತ್ತಿನಲ್ಲಿದ್ದ. 1991ರ ರಜೆಗೆ ಬಂದಾಗ ಕುತ್ತಿಗೆಗೆ ಒಂದು ಕ್ಯಾಮರಾ ನೇತು ಹಾಕಿಕೊಂಡೇ ಬಸ್ಸಿಳಿದ. ಅದಕ್ಕೆ ಮೊದಲು ವಿಡಿಯೋ ಎಂದರೆ ನಮ್ಮ ಪಾಲಿಗೆ ಮದುವೆ ಮನೆಯದೇ. 1982ರ ಏಷ್ಯಾಡ್ ಹೊತ್ತಿಗೆ ಬಣ್ಣದ ಟಿವಿ ಬಂತಲ್ಲ, ಅದರ ಹಿಂದೆಯೇ ವಿಸಿಆರ್‌ಗಳೂ ಕೊಲ್ಲಿ ದೇಶಗಳಿಂದ ಬಂದವರ ಪೆಟ್ಟಿಗೆಯಲ್ಲಿ ಬರತೊಡಗಿದವು. ಸ್ವಲ್ಪ ಸಮಯದಲ್ಲೇ ಮದುವೆಗೆ ವಿಡಿಯೋದವನು ಪುರೋಹಿತರಷ್ಟೇ ಅಗತ್ಯದವನಾದ. ಹೆಗಲ ಮೇಲೆ ಕ್ಯಾಮರಾ ಹೊತ್ತವನೊಬ್ಬ, ಕಣ್ಣು ಕುಕ್ಕುವ ದೀಪ ಹಿಡಿದವನೊಬ್ಬ. ಆ ದೀಪ ನಮ್ಮ ಕಡೆ ತಿರುಗಿದ ಕೂಡಲೇ ನಗುತ್ತಿದ್ದ ಹೆಂಗಸರೆಲ್ಲ ಸೆರಗು ಎಳೆದುಕೊಂಡು ಗಂಭೀರರಾಗುತ್ತಿದ್ದರು!

ಈ ಟೇಪಿನ ಕಥೆಯನ್ನು ಆಮೇಲೆ ಹುಡುಕಿ ಓದಿದೆ. 1928ರಲ್ಲಿ ಜರ್ಮನಿಯಲ್ಲಿ ಫ್ರಿಟ್ಸ್ ಫ್ಲಾಯ್ಮರ್ ಎಂಬಾತ ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಅಂಟಿಸಿ ಅದರಲ್ಲಿ ಸದ್ದು ಹಿಡಿದ. ಅದಕ್ಕೆ ಮೊದಲು ಸಿಗರೇಟಿನ ಕಾಗದಕ್ಕೆ ಚಿನ್ನದ ಬಣ್ಣದ ಪಟ್ಟಿ ಹಚ್ಚುವ ಉಪಾಯ ಕಂಡುಹಿಡಿದವನಂತೆ. ಯಾವುದೋ ಕೆಲಸದ ಕೈ ಇನ್ಯಾವುದಕ್ಕೋ ಬರುವುದು ಅಡುಗೆಮನೆಯಲ್ಲಿ ಮಾತ್ರವಲ್ಲ. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಎರಡು ಅಂಗುಲ ಅಗಲದ ಟೇಪಿನಲ್ಲಿ ಚಿತ್ರವನ್ನೂ ಹಿಡಿಯಿತು. ಅದು ಟಿವಿ ಕೇಂದ್ರಗಳ ಯಂತ್ರ, ಮನೆಯದಲ್ಲ. 1975ರಲ್ಲಿ ಬೀಟಾಮ್ಯಾಕ್ಸ್, 1976ರಲ್ಲಿ ವಿಎಚ್‌ಎಸ್ ಬಂದು ಟೇಪು ಮನೆ ಹೊಕ್ಕಿತು. 1985ರಲ್ಲಿ ಸೋನಿಯವರು ಎಂಟು ಮಿಲಿಮೀಟರ್ ಅಗಲದ ಟೇಪಿನ ಹ್ಯಾಂಡಿಕ್ಯಾಮ್ ತಂದರು. ಅಣ್ಣನ ಕುತ್ತಿಗೆಯಲ್ಲಿ ತೂಗುತ್ತಿದ್ದದ್ದು ಅದರ ವಂಶದ್ದೇ.

ಆ ಕ್ಯಾಮರಾ ಎಂದೋ ಕೆಟ್ಟು ಗುಜರಿಗೆ ಹೋಗಿದೆ. ಟೇಪಿದೆ, ಓದುವ ಯಂತ್ರವಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೈ ಮುಗಿಯಿತು. 2025ರ ಸುಮಾರಿಗೆ ಇಂಥ ಟೇಪುಗಳನ್ನು ಓದುವುದೇ ಬಹುತೇಕ ಕಡೆ ನಿಂತುಹೋದೀತು, ಬೇಗ ಬೇಗ ನಕಲು ಮಾಡಿಕೊಳ್ಳಿ ಎಂದು 2019ರಲ್ಲಿ ಯುನೆಸ್ಕೋದವರು ಜಗತ್ತಿನ ಸಂಗ್ರಹಾಲಯಗಳನ್ನು ಎಚ್ಚರಿಸಿದ್ದರು. ಬಿಸ್ಕತ್ತಿನ ಡಬ್ಬಿಗಳಿಗೆ ಯಾರೂ ಸುತ್ತೋಲೆ ಕಳಿಸಲಿಲ್ಲ.

"ಯಾವುದಾದರೂ ಸ್ಟುಡಿಯೋಕ್ಕೆ ಕೊಡಮ್ಮಾ" ಎಂದ ಮಗ. ನನಗೆ ಆ ಮಾತು ಬೇಡವಾಗಿತ್ತು. 2007ರಲ್ಲಿ ನನ್ನ ಮದುವೆಯ ವಿಎಚ್‌ಎಸ್ ಟೇಪನ್ನು ಒಂದು ಊರಿನ ಒಂದು ಸ್ಟುಡಿಯೋಕ್ಕೆ ಕೊಟ್ಟಿದ್ದೆ. ಚೆಂದದ ಕವರಿನ ಡಿವಿಡಿ ಬಂತು. ಹಾಕಿ ನೋಡಿದರೆ ಮೂಲದ ಸದ್ದನ್ನು ಪೂರಾ ತೆಗೆದು ಉದ್ದಕ್ಕೂ ಸಿನಿಮಾ ಹಾಡು ತುಂಬಿದ್ದರು. ನನ್ನ ಅಜ್ಜಿ, ದೊಡ್ಡಮ್ಮಂದಿರು ಬಾಯಿ ತೆರೆದು ಹಸೆಯ ಹಾಡು ಹೇಳುತ್ತಿದ್ದಾರೆ, ಕೇಳುವುದು ಬೇರೆ ಯಾರದೋ ಯುಗಳ ಗೀತೆ! ಟೇಪು ಕೊಡಿ ಎಂದರೆ, "ಅದನ್ನು ಎಸೆದಾಯ್ತಲ್ಲ ಮೇಡಂ" ಎಂದರು. ಅಂದು ಅಂಗಡಿಯಲ್ಲಿ ಒಂದು ಮಾತೂ ಆಡದೆ ಬಂದೆ. ಈಗಲೂ ಅದಕ್ಕೆ ನನ್ನ ಮೇಲೇ ಸಿಟ್ಟು.

ಈ ಸಲ ಶಿವಮೊಗ್ಗದಲ್ಲಿ ಹಳೆಯ ರೇಡಿಯೋ, ಟಿವಿ ರಿಪೇರಿ ಮಾಡುವ ಒಬ್ಬ ಹಿರಿಯರು ಸಿಕ್ಕಿದರು. 'ದೀಪಾವಳಿ 91'ರ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದರು. ಸುರುಳಿಯ ಅಂಚಿಗೆ ಬೆಳ್ಳಗೆ ಏನೋ ಕಟ್ಟಿತ್ತು. ಉಪ್ಪು ಸಾಲದ ಉಪ್ಪಿನಕಾಯಿಗೆ ಕಟ್ಟುತ್ತದಲ್ಲ, ಅದೇ ಬೂಷ್ಟು. ಮಲೆನಾಡಿನ ಮೂವತ್ತು ಮಳೆಗಾಲ ಸುಮ್ಮನೆ ಬಿಟ್ಟೀತೆ? "ಹೀಗೇ ಹಾಕಿದರೆ ಯಂತ್ರವೂ ಕೆಡುತ್ತದೆ, ಆಮೇಲೆ ಹಾಕಿದ ಟೇಪಿಗೂ ಹತ್ತುತ್ತದೆ" ಎಂದು, ಟೇಪನ್ನು ಕೈಯಲ್ಲೇ ಸುತ್ತುತ್ತ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದರು. ತೊಂಬತ್ತು ನಿಮಿಷದ ಟೇಪು ನೂರು ಮೀಟರಿಗೂ ಮಿಕ್ಕಿ ಉದ್ದ, ಕೂದಲಿಗಿಂತ ತೆಳು. ಎರಡು ದಿನ ಹಿಡಿಯಿತು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಅವರಿಗೆ ಕಿರಿಕಿರಿಯಾಗಿರಬೇಕು, ಹೇಳಲಿಲ್ಲ.

ಅವರ ಹತ್ತಿರ ಡಿಜಿಟಲ್ 8 ಎಂಬ ಕ್ಯಾಮರಾ ಇತ್ತು. 1999ರಲ್ಲಿ ಬಂದ ಈ ಜಾತಿಯ ಕೆಲವು ಕ್ಯಾಮರಾಗಳು ಅಜ್ಜನ ಕಾಲದ ಟೇಪನ್ನೂ ಓದಿ, ಅಂಕಿಗಳಾಗಿಸಿ, ಫೈರ್‌ವೈರ್ ಎಂಬ ತಂತಿಯಲ್ಲಿ ಕಂಪ್ಯೂಟರಿಗೆ ಕಳಿಸುತ್ತವೆ. ಈಗಿನ ಕಂಪ್ಯೂಟರುಗಳಲ್ಲಿ ಆ ತಂತಿ ಸಿಕ್ಕಿಸುವ ಜಾಗವೇ ಇಲ್ಲ. ಅದಕ್ಕೆಂದೇ ಅವರು ಒಂದು ಮುದಿ ಕಂಪ್ಯೂಟರನ್ನು ಸಾಕಿಕೊಂಡಿದ್ದಾರೆ. ಅವಸರ ಮಾಡುವಂತಿಲ್ಲ, ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಗಂಟೆಗೆ ಸುಮಾರು 13 ಜಿಬಿ ತುಂಬುತ್ತದೆ.

ಎರಡನೆಯ ದಿನ ಸಂಜೆ ಅಮ್ಮ ಬಂದಳು. ಅಂಗಳದ ತುಳಸಿಕಟ್ಟೆಯ ಪಕ್ಕ, ಎರಡೂ ಕೈ ಕೆಳಗೆ ಬಿಟ್ಟು, ಉಸಿರು ಹಿಡಿದು ನಿಂತಿದ್ದಾಳೆ. ರೆಪ್ಪೆಯನ್ನೂ ಬಡಿಯುತ್ತಿಲ್ಲ. ಅಣ್ಣನ ಮುಖ ಕಾಣುವುದಿಲ್ಲ, ದನಿ ಮಾತ್ರ: "ಅಮ್ಮಾ, ಇದು ಫೋಟೋ ಅಲ್ಲ. ಅಲ್ಲಾಡು!"

"ಅಲ್ಲಾಡಿದ್ರೆ ಕೆಟ್ಟೋಗಲ್ವೇನೋ?"

ಇದೇ. ಈ ದನಿಯೇ. ನಾನಂದುಕೊಂಡದ್ದಕ್ಕಿಂತ ಸಣ್ಣದು, ಕೊನೆಯಲ್ಲಿ ಒಂಚೂರು ಎಳೆಯುತ್ತದೆ. ಥೇಟು ನನ್ನ ತಂಗಿಯದು. ರಿಪೇರಿಯವರು ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು.

"ಆಯ್ತೇನೋ? ಒಲೆ ಮೇಲೆ ಹಾಲಿಟ್ಟು ಬಂದೀನಿ" ಎನ್ನುತ್ತ ಅಮ್ಮ ತಿರುಗಿ ಓಡುತ್ತಾಳೆ. ಆಮೇಲೆ ಖಾಲಿ ತುಳಸಿಕಟ್ಟೆ.

ಬೆಂಗಳೂರಿನಲ್ಲಿ ಮಗನ ಲ್ಯಾಪ್‌ಟಾಪಿನಲ್ಲಿ ಎಡಿಟಿಂಗಿಗೆ ಕೂತೆವು. ಹಿಂದೆ ಎಡಿಟಿಂಗ್ ಎಂದರೆ ಎರಡು ವಿಸಿಆರ್ ಇಟ್ಟುಕೊಂಡು ಒಂದರಿಂದ ಒಂದಕ್ಕೆ ಇಳಿಸುವುದು. ಪ್ರತಿ ನಕಲಿಗೂ ಚಿತ್ರ ಮಾಸುತ್ತಿತ್ತು. ಈಗ ಎಷ್ಟು ಕತ್ತರಿಸಿದರೂ ಮೂಲ ಹಾಗೇ ಇರುತ್ತದೆ, ಅದಕ್ಕೇ ಮಗನ ಕತ್ತರಿಗೆ ಅಷ್ಟು ಧೈರ್ಯ. ಅಮ್ಮ ಓಡುವಾಗ ಸೀರೆಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಳ್ಳುತ್ತಿತ್ತು. ನಮ್ಮ ಹಳೆಯ ಟಿವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತಿದ್ದದ್ದು ಒಂದೊಂದನ್ನೂ ಎರಡು ಅರ್ಧ ಮಾಡಿ, ಬೆಸ ಗೆರೆ ಒಮ್ಮೆ, ಸರಿ ಗೆರೆ ಒಮ್ಮೆ. ಕಂಪ್ಯೂಟರು ಎರಡನ್ನೂ ಒಟ್ಟಿಗೆ ತೋರಿಸಲು ಹೋದಾಗ ಓಡುವವರ ಅಂಚು ಹರಿಯುತ್ತದೆ, ನಿಂತವರದು ಹರಿಯುವುದಿಲ್ಲ. ಅಮ್ಮ ಹೇಳಿದ್ದು ಒಂದು ಲೆಕ್ಕಕ್ಕೆ ಸರಿಯೇ, ಅಲ್ಲಾಡಿದ್ದಕ್ಕೇ ಕೆಟ್ಟಿತು! ಮಗ ಒಂದು ಗುಂಡಿ ಒತ್ತಿ ಅದನ್ನು ಸರಿಪಡಿಸಿದ.

ಜಗಳ ಬಂದದ್ದು ಬೇರೆಯದಕ್ಕೆ. ಏಳು ಟೇಪು, ಹತ್ತು ಗಂಟೆ. ಅಣ್ಣ ಅಡಿಕೆ ತೋಟ ತೆಗೆದಿದ್ದಾನೆ, ಜೋಗ ತೆಗೆದಿದ್ದಾನೆ, ಭಾವನ ಹೊಸ ಮಾರುತಿ ಕಾರನ್ನು ನಾಲ್ಕೂ ದಿಕ್ಕಿನಿಂದ ತೆಗೆದಿದ್ದಾನೆ. ಅಮ್ಮ ಕಾಣುವುದು ಒಟ್ಟು ನಾಲ್ಕೇ ನಿಮಿಷ. ಆದರೆ ಗಂಡಸರು ಜಗುಲಿಯಲ್ಲಿ ಕೂತು ರಾಜಕೀಯ ಮಾತಾಡುವಾಗ ಹಿಂದೆ ಕಾವಲಿಯ ಮೇಲೆ ದೋಸೆ ಚುಂಯ್ ಎನ್ನುತ್ತದೆ. ಬಾವಿಯ ರಾಟೆ ಕಿರುಗುಟ್ಟುತ್ತದೆ. "ಎಲೆ ಹಾಕಲೇನು?" ಎಂದು ಒಳಗಿನಿಂದ ಕೇಳುತ್ತಾಳೆ. ಕ್ಯಾಮರಾ ಆ ಕಡೆ ತಿರುಗಲೇ ಇಲ್ಲ, ಮೈಕು ಮಾತ್ರ ಎಲ್ಲವನ್ನೂ ಹಿಡಿದುಕೊಂಡಿದೆ.

"ಈ ಗಲಾಟೆ ಸದ್ದು ತೆಗೆದು ಒಳ್ಳೇ ಕೊಳಲು ಹಾಕ್ತೀನಿ. ತುಳಸಿಕಟ್ಟೆದು ಪೂರ್ತಿ ವೇಸ್ಟು, ಒಂದು ನಿಮಿಷ ಯಾರೂ ಇಲ್ಲ" ಎಂದ ಮಗ.

"ಅದನ್ನು ಮುಟ್ಟಬೇಡ" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ಸ್ಟುಡಿಯೋದಲ್ಲಿ ಬರಬೇಕಾಗಿದ್ದ ದನಿ. ಅವನು ಕೈ ಹಿಂದೆ ತೆಗೆದುಕೊಂಡ.

ಆ ಒಂದು ನಿಮಿಷವನ್ನು ಹಾಗೇ ಅಣ್ಣನಿಗೆ ವಾಟ್ಸಾಪಿನಲ್ಲಿ ಕಳಿಸಿದೆವು. ಅವನೀಗ ಮೈಸೂರಿನಲ್ಲಿದ್ದಾನೆ, ಕಿವಿ ಮಂದ. ರಾತ್ರಿ ಫೋನು ಮಾಡಿದ.

"ಆವತ್ತು ಹಾಲು ಉಕ್ಕಿತ್ತೇನೇ?"

"ಉಕ್ಕಿತ್ತು ಅಣ್ಣ. ಸುರ್ ಅಂತ ಕೇಳುತ್ತೆ, ಅಮ್ಮ 'ಅಯ್ಯೋ' ಅನ್ನೋದೂ ಕೇಳುತ್ತೆ. ಮಿಷನ್ ಹಾಕ್ಕೊಂಡು ಇನ್ನೊಂದು ಸಲ ಕೇಳು."