ಊರಿನ ಲೆಕ್ಕ: ಯಾರು, ಯಾರಿಗೆ ಒಪ್ಪಿಸಬೇಕು?

ಪುರಸಭೆಯ ಸದಸ್ಯರೊಬ್ಬರು ತಮ್ಮ ವಾರ್ಡಿನ ಜನರನ್ನು ಸೇರಿಸಿ, ಈ ವರ್ಷ ಇಷ್ಟು ಉದ್ದದ ಚರಂಡಿ ಕಟ್ಟಿಸಿದ್ದೇವೆ, ಇಷ್ಟು ಬೀದಿ ದೀಪ ಹಾಕಿಸಿದ್ದೇವೆ, ಕುಡಿಯುವ ನೀರಿನ ಪೈಪು ಇಂಥ ಓಣಿಯವರೆಗೆ ಬಂದಿದೆ, ಸಮುದಾಯ ಭವನದ ಕೆಲಸ ಇನ್ನೂ ಬಾಕಿ ಇದೆ ಎಂದು ಹೇಳಿದರೆ ಅದರಲ್ಲಿ ವಿಶೇಷವೇನೂ ನಮಗೆ ಕಾಣುವುದಿಲ್ಲ. ವೋಟು ಪಡೆದವರು ಲೆಕ್ಕ ಹೇಳಬೇಕಾದ್ದೇ ತಾನೆ ಎನ್ನುತ್ತೇವೆ. ಆದರೆ ಚರಿತ್ರೆಯ ಪುಟಗಳನ್ನು ತಿರುವಿ ನೋಡಿದರೆ ಇದು ತೀರ ಇತ್ತೀಚಿನ ಪದ್ಧತಿ ಎಂಬುದು ತಿಳಿಯುತ್ತದೆ. ಊರಿನ ಲೆಕ್ಕ ಬರೆಯುವ ರೂಢಿ ನಮ್ಮಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಆ ಲೆಕ್ಕವನ್ನು ಊರಿನವರಿಗೇ ಒಪ್ಪಿಸಬೇಕೆಂಬ ಕಟ್ಟಳೆ ಮಾತ್ರ ಬಂದದ್ದು ಮೊನ್ನೆ ಮೊನ್ನೆ.

ಈ ಮಾತಿಗೆ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸೀಮೆಯಷ್ಟು ಒಳ್ಳೆಯ ನಿದರ್ಶನ ಬೇರೆ ಕಡೆ ಸಿಗುವುದು ಕಷ್ಟ. ಚಾಲುಕ್ಯರ ಶಾಸನಗಳು, ಮನ್ರೋ ಸಾಹೇಬನ ಕಂದಾಯ ವ್ಯವಸ್ಥೆ, ಮದರಾಸು ಸರ್ಕಾರದ ತಾಲ್ಲೂಕು ಬೋರ್ಡು, ಮೈಸೂರು ರಾಜ್ಯದ ಪಂಚಾಯಿತಿ, ಕೊನೆಗೆ ಕರ್ನಾಟಕದ ಗ್ರಾಮಸಭೆ, ಇವೆಲ್ಲವನ್ನೂ ಈ ಒಂದೇ ನೆಲ ಕಂಡಿದೆ.

ಕಲ್ಲಿನ ಮೇಲಿನ ಲೆಕ್ಕ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಇಂದು ಒಂದು ಸಾಧಾರಣ ಗ್ರಾಮ. ಆದರೆ ಹಿಂದೆ ಅದು ‘ಕೋಗಳಿ ಐನೂರು’ ಎಂಬ ಆಡಳಿತ ವಿಭಾಗದ ಕೇಂದ್ರವಾಗಿತ್ತು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಕಲ್ಲೇಶ್ವರ ದೇವಾಲಯವಿದೆ, ಕ್ರಿ.ಶ. 987ರ ಶಾಸನವೊಂದು ಆ ದೇವಾಲಯಕ್ಕೆ ಸಂಬಂಧಿಸಿದೆ. ಈ ಸೀಮೆಯ ಊರೂರುಗಳಲ್ಲಿ ನಿಂತಿರುವ ಇಂಥ ಕಲ್ಲುಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ದಾನ ಕೊಟ್ಟ ಭೂಮಿ ಎಷ್ಟು ಮತ್ತರು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ದೀಪದ ಎಣ್ಣೆಗೆ ಯಾವ ಆದಾಯ, ಕೆರೆಯ ದುರಸ್ತಿಗೆ ಯಾವ ತೆರಿಗೆ, ಅದನ್ನು ನೋಡಿಕೊಳ್ಳಬೇಕಾದವರು ಯಾರು, ಈ ವಿವರಗಳನ್ನು ಬಿಡಿಬಿಡಿಯಾಗಿ ಕೆತ್ತುವುದು ಅಂದಿನ ಪದ್ಧತಿ. ಮಹಾಜನರು, ಗಾವುಂಡರು, ನಕರರು ಎಂದರೆ ವರ್ತಕರು, ಇವರ ಸಮಕ್ಷಮ ಈ ವ್ಯವಸ್ಥೆಯಾಯಿತೆಂದೂ ಅನೇಕ ಶಾಸನಗಳು ಹೇಳುತ್ತವೆ. ಕೊನೆಗೆ, ಇದಕ್ಕೆ ತಪ್ಪಿದವರಿಗೆ ಶಾಪ.

ಇಂದಿನ ಅಡಿಗಲ್ಲಿನೊಂದಿಗೆ ಇದನ್ನು ಹೋಲಿಸಿ ನೋಡಿ. ಅಡಿಗಲ್ಲಿನಲ್ಲಿ ಮಂತ್ರಿಗಳ, ಶಾಸಕರ, ಅಧ್ಯಕ್ಷರ ಹೆಸರುಗಳು ದೊಡ್ಡ ಅಕ್ಷರದಲ್ಲಿರುತ್ತವೆ, ದಿನಾಂಕವಿರುತ್ತದೆ. ರಸ್ತೆ ಎಲ್ಲಿಂದ ಎಲ್ಲಿಗೆ, ಖರ್ಚಾದದ್ದೆಷ್ಟು, ಹಾಳಾದರೆ ಸರಿಪಡಿಸಬೇಕಾದವರು ಯಾರು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಈ ದೃಷ್ಟಿಯಿಂದ ಸಾವಿರ ವರ್ಷದ ಹಿಂದಿನ ಕಲ್ಲೇ ಹೆಚ್ಚು ಪ್ರಾಮಾಣಿಕ ವರದಿ ಎನ್ನಬೇಕು.

ಹಾಗೆಂದು ಅಂದು ಪ್ರಜಾಪ್ರಭುತ್ವವಿತ್ತೆಂದು ಹಿಗ್ಗಬೇಕಾಗಿಲ್ಲ. ಮಹಾಜನರೆಂದರೆ ಅಗ್ರಹಾರದ ಬ್ರಾಹ್ಮಣರು. ಗಾವುಂಡರೆಂದರೆ ಭೂಮಿಯುಳ್ಳ ಒಕ್ಕಲಿನ ಮುಖ್ಯಸ್ಥರು. ಕಲ್ಲಿನ ಮೇಲೆ ಬರೆದದ್ದನ್ನು ಓದಬಲ್ಲವರೂ ಬಹುಮಟ್ಟಿಗೆ ಅವರೇ. ಉಳಿದವರಿಗೆ ಸುದ್ದಿ ಮುಟ್ಟುತ್ತಿದ್ದುದು ಡಂಗುರದ ಮೂಲಕ. ಹಲಗೆ ಬಡಿದು ಓಣಿ ಓಣಿಯಲ್ಲಿ ಊರಿನ ತೀರ್ಮಾನ ಸಾರುತ್ತಿದ್ದ ಮನುಷ್ಯನಿಗೆ ಆ ತೀರ್ಮಾನವಾದ ಕಟ್ಟೆಯ ಮೇಲೆ ಕೂರುವ ಹಕ್ಕಿರಲಿಲ್ಲ. ನಮ್ಮ ಊರುಗಳ ಚರಿತ್ರೆ ಬರೆಯುವವರು ಮರೆಯಬಾರದ ಮಾತಿದು.

ಮನ್ರೋನ ಜಮಾಬಂದಿ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳಿಗೆ ‘ದತ್ತ ಜಿಲ್ಲೆ’ಗಳೆಂಬ ಹೆಸರು ಬಂದದ್ದು ಆಗಲೇ. ಅವುಗಳ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದನು. ಹೊಲಹೊಲವನ್ನೂ ಅಳೆಸಿ, ಸರ್ಕಾರಕ್ಕೂ ರೈತನಿಗೂ ನೇರ ಸಂಬಂಧ ಕಲ್ಪಿಸುವ ರೈತವಾರಿ ಪದ್ಧತಿಗೆ ಈ ಸೀಮೆಯಲ್ಲಿ ಬುನಾದಿ ಹಾಕಿದವನು ಅವನೇ.

ರೈತವಾರಿಯ ಜೀವಾಳವೇ ಜಮಾಬಂದಿ. ವರ್ಷಕ್ಕೊಮ್ಮೆ ಕಲೆಕ್ಟರನೋ ಅವನ ಕೈಕೆಳಗಿನ ಅಧಿಕಾರಿಯೋ ಬಿಡಾರ ಹೂಡುತ್ತಿದ್ದ. ಗೌಡ, ಶಾನುಭೋಗರು ದಫ್ತರ ಹೊತ್ತು ಅಲ್ಲಿಗೆ ಬರಬೇಕು. ಯಾರು ಎಷ್ಟು ಉತ್ತರು, ಎಷ್ಟು ಬೀಳು ಬಿತ್ತು, ಯಾರ ಬಾಕಿ ಎಷ್ಟು ಎಂಬ ಲೆಕ್ಕ ನೋಡಿ ಆ ವರ್ಷದ ಕಂದಾಯ ನಿಗದಿಯಾಗುತ್ತಿತ್ತು. ಊರು ಸರ್ಕಾರದ ಮುಂದೆ ಕೈಕಟ್ಟಿ ನಿಂತು ಲೆಕ್ಕ ಒಪ್ಪಿಸುವ ದಿನವದು. ಪ್ರಶ್ನೆ ಮೇಲಿನಿಂದ ಬರುತ್ತಿತ್ತು, ಉತ್ತರ ಕೆಳಗಿನಿಂದ ಹೋಗುತ್ತಿತ್ತು. ಜಮಾಬಂದಿ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಬೇರೆಯೇ ವೇಷದಲ್ಲಿ ಮರಳಿ ಬರಲಿದೆ.

ಇದೇ ಮನ್ರೋ 1806ರಲ್ಲಿ ಬರೆದ ವರದಿಯೊಂದರಲ್ಲಿ, ಹನ್ನೆರಡು ಆಯಗಾರರನ್ನುಳ್ಳ ಪ್ರತಿಯೊಂದು ಹಳ್ಳಿಯೂ ಒಂದು ಪುಟ್ಟ ಗಣರಾಜ್ಯದಂತಿದೆ ಎಂದು ಬಣ್ಣಿಸಿದನು. ‘ಗ್ರಾಮ ಗಣರಾಜ್ಯ’ ಎಂದು ನಾವು ಇಂದಿಗೂ ಆಡುವ ಮಾತಿನ ಹಳೆಯ ಬೇರುಗಳಲ್ಲೊಂದು ಹೀಗೆ ದತ್ತ ಜಿಲ್ಲೆಗಳ ಮಣ್ಣಿನಲ್ಲಿದೆ. ಆ ಬಣ್ಣನೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡಿದ ಡಾ. ಬಿ.ಆರ್. ಅಂಬೇಡ್ಕರರು, ಹಳ್ಳಿಯನ್ನು ಹೀಗೆ ಹೊಗಳುವುದನ್ನು ಕಟುವಾಗಿ ಟೀಕಿಸಿದರು. ಸಂಕುಚಿತತೆ ಮತ್ತು ಜಾತಿಭಾವನೆ ಮನೆಮಾಡಿರುವ ಹಳ್ಳಿಯನ್ನು ಆಡಳಿತದ ಮೂಲ ಘಟಕ ಮಾಡಲು ಅವರು ಸಿದ್ಧರಿರಲಿಲ್ಲ. ಆದರೂ ಅದೇ ತಿಂಗಳಲ್ಲಿ, ಗ್ರಾಮ ಪಂಚಾಯಿತಿಗಳನ್ನು ರಚಿಸಬೇಕೆಂಬ 40ನೆಯ ವಿಧಿಯನ್ನು ಸಭೆ ಅಂಗೀಕರಿಸಿತು. ಹಲಗೆ ಬಡಿಯುವವನಿಗೆ ಕಟ್ಟೆಯ ಮೇಲೆ ಜಾಗವಿಲ್ಲದ ಗಣರಾಜ್ಯ ಎಂಥ ಗಣರಾಜ್ಯ ಎಂಬುದೇ ಅಂಬೇಡ್ಕರರ ಟೀಕೆಯ ತಿರುಳು.

ಬೋರ್ಡುಗಳ ಕಾಲ

ಚರಂಡಿ, ದೀಪ, ರಸ್ತೆ, ಬಾವಿ ಇವು ಕಾಯಿದೆಯ ಪುಟಗಳಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಮದರಾಸು ಸರ್ಕಾರ 1865ರಲ್ಲಿ ಪಟ್ಟಣ ಸುಧಾರಣಾ ಕಾಯಿದೆಯನ್ನೂ 1871ರಲ್ಲಿ ಸ್ಥಳೀಯ ನಿಧಿ ಕಾಯಿದೆಯನ್ನೂ ತಂದಿತು. ಉದ್ದೇಶ ಸರಳವಾಗಿತ್ತು: ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಬೇಕಾದ ಹಣವನ್ನು ಆಯಾ ಊರಿನವರಿಂದಲೇ ಎತ್ತುವುದು.

1882ರ ಮೇ 18ರಂದು ವೈಸರಾಯ್ ಲಾರ್ಡ್ ರಿಪ್ಪನ್ ಹೊರಡಿಸಿದ ನಿರ್ಣಯ ಇದಕ್ಕೆ ಹೊಸ ಅರ್ಥ ಕೊಟ್ಟಿತು. ಸ್ಥಳೀಯ ಸಂಸ್ಥೆಗಳು ಬರೀ ಆಡಳಿತದ ಅನುಕೂಲಕ್ಕಲ್ಲ, ಜನರಿಗೆ ರಾಜಕೀಯ ಶಿಕ್ಷಣ ಕೊಡುವುದಕ್ಕೆ ಎಂಬುದು ಅದರ ಸಾರ. ಅದರ ಫಲವಾಗಿ ಮದರಾಸು ಪ್ರಾಂತ್ಯದಲ್ಲಿ 1884ರ ಕಾಯಿದೆಗಳು ಬಂದವು. ಬಳ್ಳಾರಿ, ಆದವಾನಿಗಳಂಥ ಪಟ್ಟಣಗಳಿಗೆ ಪುರಸಭೆ; ಉಳಿದೆಡೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಅದರ ಕೆಳಗೆ ದೊಡ್ಡ ಊರುಗಳಿಗೆ ‘ಯೂನಿಯನ್’. ಯೂನಿಯನ್ನಿನ ಪಂಚಾಯಿತಿಯು ಮನೆ ತೆರಿಗೆ ಎತ್ತಿ ಬೀದಿಗೆ ದೀಪ ಇಡಿಸಬೇಕು, ಕಸ ಗುಡಿಸಬೇಕು, ಚರಂಡಿ ನೋಡಿಕೊಳ್ಳಬೇಕು. ಇಂದು ನಮ್ಮ ವಾರ್ಡು ಸದಸ್ಯರು ಹೇಳಿಕೊಳ್ಳುವ ಕೆಲಸಗಳ ಪಟ್ಟಿ ಹೆಚ್ಚುಕಡಿಮೆ ಅಂದೇ ತಯಾರಾಗಿತ್ತು.

ಆದರೆ ಲೆಕ್ಕ ಹೋಗುತ್ತಿದ್ದುದು ಎಲ್ಲಿಗೆ? ಮತ್ತೆ ಮೇಲಕ್ಕೇ. ಜಿಲ್ಲಾ ಬೋರ್ಡಿಗೆ ಬಹುಕಾಲ ಕಲೆಕ್ಟರರೇ ಅಧ್ಯಕ್ಷರು. ಸದಸ್ಯರಲ್ಲಿ ನಾಮಕರಣಗೊಂಡವರು ಬಹಳ. ಚುನಾವಣೆ ಇದ್ದ ಕಡೆಯೂ ತೆರಿಗೆ ಕಟ್ಟುವವರಿಗೆ, ಆಸ್ತಿಯುಳ್ಳವರಿಗೆ ಮಾತ್ರ ವೋಟು. ಪುರಸಭೆಗಳೂ ಬೋರ್ಡುಗಳೂ ವರ್ಷವರ್ಷ ಆಡಳಿತ ವರದಿ ಸಿದ್ಧಪಡಿಸುತ್ತಿದ್ದವು. ಅದನ್ನು ಪರಾಮರ್ಶಿಸಿ ಮದರಾಸು ಸರ್ಕಾರ ಆಜ್ಞೆ ಹೊರಡಿಸುತ್ತಿತ್ತು. ಆ ವರದಿಗಳು ಇಂಗ್ಲಿಷಿನಲ್ಲಿದ್ದವು. ತನ್ನ ಬೀದಿಯ ದೀಪದ ಕಥೆ ಮದರಾಸಿನ ಕಚೇರಿಗೆ ಗೊತ್ತಿದ್ದರೂ ಕೊಟ್ಟೂರಿನ ನೇಕಾರನಿಗೋ ಹಡಗಲಿಯ ಕೂಲಿಯವನಿಗೋ ಅದನ್ನು ಓದಿ ಹೇಳುವವರಿರಲಿಲ್ಲ.

1920ರ ಕಾಯಿದೆಗಳಿಂದ ಚುನಾಯಿತರ ಸಂಖ್ಯೆ ಹೆಚ್ಚಿತು. ತಾಲ್ಲೂಕು ಬೋರ್ಡುಗಳು 1934ರಲ್ಲಿ ರದ್ದಾದವು. ವಯಸ್ಕರೆಲ್ಲರಿಗೂ ವೋಟು ಬಂದದ್ದು ಸ್ವಾತಂತ್ರ್ಯದ ನಂತರವೇ.

ಕೇಳುವ ವೇದಿಕೆ ಇಲ್ಲದಿದ್ದಾಗ

ಲೆಕ್ಕ ಕೇಳಲು ವೇದಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ತುಂಗಭದ್ರಾ ಜಲಾಶಯದ ಕಥೆಯೇ ಸಾಕು. 1945ರಲ್ಲಿ ಆರಂಭವಾದ ಈ ಅಣೆಕಟ್ಟಿನಲ್ಲಿ 1953ರ ಹೊತ್ತಿಗೆ ನೀರು ನಿಂತಿತು. ಬಳ್ಳಾರಿ ಮತ್ತು ರಾಯಚೂರು ಕಡೆಯ ಹಲವು ಹತ್ತು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಉತ್ತರದ ಅಂಚು ಹಿನ್ನೀರಿನ ಸೀಮೆಯಾಯಿತು. ಲಕ್ಷಾಂತರ ಎಕರೆಗೆ ನೀರುಣಿಸಿದ ಯೋಜನೆ ಅದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮುಳುಗುವ ಊರಿನವರು ಒಂದೆಡೆ ಕುಳಿತು, ನಮ್ಮ ಗುಡಿ, ಬಾವಿ, ಹೊಲಗಳಿಗೆ ಬದಲು ಕೊಡುವುದೇನು ಎಂದು ಅಧಿಕಾರದಿಂದ ಕೇಳಿ ಉತ್ತರ ಪಡೆಯುವ ಸಭೆಯೊಂದು ಆಗಿನ ಕಾನೂನಿನಲ್ಲಿರಲಿಲ್ಲ.

ಅದೇ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಮದರಾಸಿನ ಕಾನೂನು, ಮೈಸೂರಿನ ಕಾನೂನು ಎಂಬ ಗೊಂದಲ ತೀರಿ ಇಡೀ ರಾಜ್ಯಕ್ಕೆ ಒಂದೇ ಪಂಚಾಯಿತಿ ಕಾಯಿದೆ ಬಂದದ್ದು 1959ರಲ್ಲಿ. ಪುರಸಭೆಗಳ ಕಾಯಿದೆ 1964ರಲ್ಲಿ.

ದಿಕ್ಕು ತಿರುಗಿದ ಲೆಕ್ಕ

ನಿಜವಾದ ತಿರುವು ಬಂದದ್ದು 1983ರ ಕಾಯಿದೆಯಿಂದ. ಅದರ ಹಿಂದಿದ್ದವರು ಆಗಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಇವರ ಕಾಲದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳು ರೂಪುಗೊಂಡವು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಯಿತು. ಜೊತೆಗೆ, ಊರಿನ ಮತದಾರರೆಲ್ಲ ಸೇರುವ ಗ್ರಾಮಸಭೆಗೆ ಕಾನೂನಿನ ಮಾನ್ಯತೆ ದೊರೆಯಿತು. ಸಂವಿಧಾನದ 73ನೆಯ ತಿದ್ದುಪಡಿಯ ನಂತರ ಬಂದ ಕರ್ನಾಟಕದ 1993ರ ಕಾಯಿದೆ ಇದನ್ನು ಮುಂದುವರಿಸಿತು. 2010ರಲ್ಲಿ ಪಂಚಾಯಿತಿಗಳ ಅರ್ಧದಷ್ಟು ಸ್ಥಾನ ಮಹಿಳೆಯರದಾಯಿತು.

ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿರುವ ಲೆಕ್ಕ ತಪಾಸಣೆಗೆ ಇಟ್ಟ ಹೆಸರು ಜಮಾಬಂದಿ! ಮೇಲಿನ ಅಧಿಕಾರಿ ಇಲ್ಲಿಯೂ ಬರುತ್ತಾರೆ. ಆದರೆ ತಪಾಸಣೆಯಾಗುವುದು ರೈತನ ಬಾಕಿಯಲ್ಲ, ಪಂಚಾಯಿತಿಯ ಖರ್ಚು. ಕಡತಗಳನ್ನು ಜನರ ಮುಂದೆ ತೆರೆಯಬೇಕು, ಕಟ್ಟಿದ ಚರಂಡಿಯನ್ನು ಸ್ಥಳಕ್ಕೆ ಹೋಗಿ ನೋಡಬೇಕು. ಮನ್ರೋನ ಜಮಾಬಂದಿಯಲ್ಲಿ ಉತ್ತರ ಹೇಳಬೇಕಾಗಿದ್ದವನ ಮರಿಮಕ್ಕಳು ಇಲ್ಲಿ ಪ್ರಶ್ನೆ ಕೇಳುತ್ತಾರೆ. ಹೆಸರು ಹಳೆಯದೇ, ದಿಕ್ಕು ಮಾತ್ರ ತಿರುಗಿದೆ. ನಮ್ಮ ಸ್ಥಳೀಯ ಆಡಳಿತದ ಇನ್ನೂರು ವರ್ಷದ ಚರಿತ್ರೆ ಈ ಒಂದು ಮಾತಿನಲ್ಲಿ ಅಡಗಿದೆ ಎನ್ನಬಹುದು.

ಊರು ಬೆಳೆದಾಗ

ಆದರೆ ಇಲ್ಲೊಂದು ವಿಚಿತ್ರವಿದೆ. ಒಂದು ಕಾಲಕ್ಕೆ ಗ್ರಾಮ ಪಂಚಾಯಿತಿಯಾಗಿದ್ದ ಹಗರಿಬೊಮ್ಮನಹಳ್ಳಿಯಲ್ಲಿ ಈಗಿರುವುದು ಪುರಸಭೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ತಾಲ್ಲೂಕು ಅದಕ್ಕೆ ಸೇರಿತು. ಊರು ಪಟ್ಟಣವಾದರೆ ಗೌರವ ಹೆಚ್ಚುತ್ತದೆ, ಅನುದಾನ ಹೆಚ್ಚುತ್ತದೆ, ತೆರಿಗೆಯೂ ಹೆಚ್ಚುತ್ತದೆ. ಆದರೆ ಪಟ್ಟಣಕ್ಕೆ ಗ್ರಾಮಸಭೆ ಇಲ್ಲ. ಪಟ್ಟಣಗಳಿಗೆ ಸಂಬಂಧಿಸಿದ 74ನೆಯ ತಿದ್ದುಪಡಿಯು ವಾರ್ಡು ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. ಬೆಂಗಳೂರಿನವನಿಗೆ ಸಂವಿಧಾನ ವಾರ್ಡು ಸಮಿತಿ ಕೊಡುತ್ತದೆ, ಹಳ್ಳಿಯವನಿಗೆ ಗ್ರಾಮಸಭೆಯ ಬಾಗಿಲು ತೆರೆಯುತ್ತದೆ. ನಡುವಿನ ಸಣ್ಣ ಪಟ್ಟಣದವನನ್ನು ಅದು ನಡುದಾರಿಯಲ್ಲಿ ಬಿಟ್ಟಿದೆ. ಬಜೆಟ್ಟಿಗೆ ಮುಂಚೆ ಸಾರ್ವಜನಿಕರನ್ನು ಕರೆದು ಸಲಹೆ ಕೇಳುವ ಸಭೆಗಳಿವೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಿ ಕೇಳಬಹುದು. ಆದರೆ ಓಣಿಯವರೆಲ್ಲ ಕೂತು ಎದುರೆದುರೇ ಕೇಳುವುದಕ್ಕೆ ಇವು ಸಮವಲ್ಲ.

ಆದ್ದರಿಂದಲೇ ಪುರಸಭೆಯ ಸದಸ್ಯರು ತಾವಾಗಿಯೇ ಜನರ ಮುಂದೆ ಬಂದು ವರದಿ ಒಪ್ಪಿಸುವುದಕ್ಕೆ ಸಣ್ಣ ಊರುಗಳಲ್ಲಿ ಹೆಚ್ಚಿನ ಬೆಲೆ. ಕಾನೂನು ಬಿಟ್ಟ ಜಾಗವನ್ನು ರೂಢಿ ತುಂಬಬೇಕಾಗಿದೆ. ಆದರೆ ಅದು ಬರೀ ಭೂಮಿಪೂಜೆಯ ಫೋಟೋ, ಹಾರತುರಾಯಿಗಳ ಪಟ್ಟಿಯಾದರೆ ಡಂಗುರಕ್ಕೂ ಅದಕ್ಕೂ ವ್ಯತ್ಯಾಸವಿರುವುದಿಲ್ಲ. ಡಂಗುರವೂ ಸುದ್ದಿಯನ್ನು ಸಾರುತ್ತಿತ್ತು. ಎದುರು ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ.

ಒಳ್ಳೆಯ ವರದಿ ಹೇಗಿರಬೇಕೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಅಳತೆ, ಎಷ್ಟು ಹಣ, ಯಾರ ಹೊಣೆ, ಯಾರು ಸಾಕ್ಷಿ, ಇದನ್ನೆಲ್ಲ ನಮ್ಮ ಸೀಮೆಯ ಕಲ್ಲುಗಳು ಎಂದೋ ಬರೆದಿಟ್ಟಿವೆ. ಅಂದು ಸಾಕ್ಷಿ ಹೇಳುವ ಹಕ್ಕು ಕೆಲವರದಾಗಿತ್ತು. ಇಂದು ಅದು ವಾರ್ಡಿನ ಪ್ರತಿಯೊಬ್ಬ ಮತದಾರನದು, ಹಲಗೆ ಬಡಿದವನ ಮೊಮ್ಮಗಳದೂ ಕೂಡ. ಶಾಪದ ಸಾಲು ಈಗ ಬೇಕಾಗಿಲ್ಲ. ಐದು ವರ್ಷಕ್ಕೊಮ್ಮೆ ಬರುವ ಚುನಾವಣೆ ಆ ಕೆಲಸ ಮಾಡುತ್ತದೆ. ಊರಿಗೆ ಬಂದವಳು ನೀರಿಗೆ ಬರಲೇಬೇಕೆಂಬ ಗಾದೆಯಂತೆ, ವೋಟಿಗೆ ಬಂದವರು ಲೆಕ್ಕಕ್ಕೂ ಬರಲೇಬೇಕು.