ಸರ್ಪವಿಷದ ಪ್ರತಿವಿಷ

ಹಾವು ಕಚ್ಚಿದವರಿಗೆ ರಕ್ತನಾಳದ ಮೂಲಕ ಕೊಡುವ ಚುಚ್ಚುಮದ್ದು. ವಿಷಕ್ಕೆ ಒಗ್ಗಿಸಿದ ಕುದುರೆಗಳ ಪ್ಲಾಸ್ಮಾದಿಂದ ಪ್ರತಿಕಾಯಗಳನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಸಾಂದ್ರಗೊಳಿಸಿ ಇದನ್ನು ತಯಾರಿಸುತ್ತಾರೆ. ಆಸ್ಪತ್ರೆಗಳಲ್ಲಿ ಇದಕ್ಕೆ ಎಎಸ್‌ವಿ ಎಂದೇ ರೂಢಿಯ ಹೆಸರು. ಬಾಗಲಕೋಟೆ ಜಿಲ್ಲೆಯ ಅನಗವಾಡಿಯಂಥ ಘಟಪ್ರಭೆಯ ದಂಡೆಯ ಊರುಗಳಲ್ಲಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳ ಕಬ್ಬಿನ ಸೀಮೆಯಲ್ಲಿ ಈ ಮದ್ದಿನ ಅಗತ್ಯವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಗೆ ಇಲಿ ಬರುತ್ತದೆ, ಇಲಿಯ ಬೆನ್ನಿಗೆ ಹಾವು ಬರುತ್ತದೆ. ಕಬ್ಬು ಕಡಿಯುವವರ ಕೈಕಾಲೂ, ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೊಲಕ್ಕೆ ಹೋಗುವವರ ಕಾಲೂ ಅದರ ದಾರಿಯಲ್ಲೇ ಇರುತ್ತವೆ. ಈ ಮದ್ದಿನ ಗುಣಮಟ್ಟವನ್ನು ಕಾರ್ಖಾನೆಯ ಶುದ್ಧತೆಯಿಂದಷ್ಟೇ ಅಳೆಯುವುದು ವಾಡಿಕೆ. ಅದು ಅರ್ಧ ಲೆಕ್ಕ. ಶುದ್ಧೀಕರಣ ಮದ್ದನ್ನು ನಿರಪಾಯಕಾರಿಯನ್ನಾಗಿ ಮಾಡಬಲ್ಲದು. ಆದರೆ ಮದ್ದು ನಾಟುತ್ತದೆಯೇ ಎಂಬುದು ಎಲ್ಲಿಯ ಹಾವಿನ ವಿಷ ಕುದುರೆಯ ಮೈಗೆ ಹೋಗಿತ್ತು ಎಂಬುದರ ಮೇಲೆ ನಿಂತಿದೆ.

ಒಂದು ಪ್ರಾಣಿಯ ರಕ್ತದಲ್ಲಿ ಹುಟ್ಟಿದ ರಕ್ಷಣೆಯನ್ನು ಇನ್ನೊಂದಕ್ಕೆ ದಾಟಿಸಬಹುದೆಂದು 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ತೋರಿಸಿದರು. 1901ರ ಮೊದಲ ವೈದ್ಯಕೀಯ ನೊಬೆಲ್ ಬೇರಿಂಗ್‌ಗೆ ಸಂದದ್ದು ಈ ಸೀರಮ್ ಚಿಕಿತ್ಸೆಗಾಗಿಯೇ. ಅದೇ ದಶಕದಲ್ಲಿ ಫ್ರಾನ್ಸಿನ ಕಾಲ್ಮೆಟ್ ನಾಗರಹಾವಿನ ವಿಷಕ್ಕೆ ಪ್ರತಿವಿಷ ಮಾಡಿದ. ಅದು ಎಲ್ಲ ಹಾವಿಗೂ ಒದಗುತ್ತದೆಂದು ಅವನು ನಂಬಿದ್ದ. ಮಂಡಲದ ಹಾವುಗಳ ಮುಂದೆ ಆ ನಂಬಿಕೆ ನಿಲ್ಲಲಿಲ್ಲ. ಭಾರತದ ಇಂದಿನ ಮದ್ದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷವನ್ನೂ ಒಟ್ಟಿಗೆ ಎದುರಿಸುವಂತೆ ಮಾಡಿದ್ದು.

ತಯಾರಿಕೆಗೆ ತಿಂಗಳುಗಳು ಹಿಡಿಯುತ್ತವೆ. ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕುದುರೆಯ ಚರ್ಮದಡಿ ಚುಚ್ಚಿ, ವಾರಗಳ ಅಂತರದಲ್ಲಿ ಏರಿಸುತ್ತಾ ಹೋಗುತ್ತಾರೆ. ಪ್ರತಿಕಾಯ ಸಾಕಷ್ಟು ಏರಿತೆಂದು ಪರೀಕ್ಷೆ ಹೇಳಿದ ಮೇಲೆ ಕತ್ತಿನ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. ಪ್ಲಾಸ್ಮಾ ಉಳಿಸಿಕೊಂಡು ಕೆಂಪು ಕಣಗಳನ್ನು ಕುದುರೆಗೇ ಮರಳಿ ಸೇರಿಸುವ ಪದ್ಧತಿ ಇದೆ. ಕುದುರೆ ಬೇಗ ಚೇತರಿಸಿಕೊಳ್ಳುತ್ತದೆ. ಪ್ಲಾಸ್ಮಾದಲ್ಲಿ ಅಲ್ಬುಮಿನ್ ಮೊದಲಾದ ಬೇಡದ ಪ್ರೋಟೀನುಗಳೇ ಹೆಚ್ಚು. ಬೇಕಾದ ಪ್ರತಿಕಾಯ ಇಂಗ್ಲಿಷ್ ವೈ ಅಕ್ಷರದ ಆಕಾರದ್ದು. ವಿಷವನ್ನು ಹಿಡಿಯುವುದು ಅದರ ಎರಡು ಕೈಗಳು. ಬುಡದ ಕಾಂಡಕ್ಕೆ ಇಲ್ಲಿ ಕೆಲಸವಿಲ್ಲ, ಮನುಷ್ಯನ ಮೈಗೆ ಅದು ಪರಕೀಯ. ಆದ್ದರಿಂದ ಹುಳಿ ದ್ರಾವಣದಲ್ಲಿ ಪೆಪ್ಸಿನ್ ಸೇರಿಸಿ ಕಾಂಡವನ್ನು ಕತ್ತರಿಸುತ್ತಾರೆ. ಜಠರದಲ್ಲಿ ಅನ್ನದ ಪ್ರೋಟೀನನ್ನು ಅರಗಿಸುವ ಪೆಪ್ಸಿನ್ನೇ ಅದು. 1930ರ ದಶಕದಿಂದ ಈ ಕೆಲಸಕ್ಕೆ ನಿಂತಿದೆ. ಬಳಿಕ ಅಮೋನಿಯಂ ಸಲ್ಫೇಟಿನಿಂದ ಪ್ರತಿಕಾಯವನ್ನೇ ಗರಣೆಗಟ್ಟಿಸಬಹುದು, ಇಲ್ಲವೇ ಕ್ಯಾಪ್ರಿಲಿಕ್ ಆಮ್ಲದಿಂದ ಬೇಡದ್ದನ್ನು ಗರಣೆಗಟ್ಟಿಸಿ ಪ್ರತಿಕಾಯವನ್ನು ದ್ರಾವಣದಲ್ಲೇ ಉಳಿಸಿಕೊಳ್ಳಬಹುದು. ಎರಡನೆಯದರಲ್ಲಿ ಪ್ರತಿಕಾಯಕ್ಕೆ ಪೆಟ್ಟು ಕಡಿಮೆ. ಸೂಕ್ಷ್ಮ ಪೊರೆಗಳಲ್ಲಿ ಹಾಯಿಸಿ ಸಾಂದ್ರಗೊಳಿಸಿ, ಕ್ರಿಮಿಗಳನ್ನು ಸೋಸಿ, ಸೀಸೆಗೆ ತುಂಬಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಬಿಳಿ ಬಿಲ್ಲೆಯಂಥ ಪುಡಿ ಉಳಿಯುತ್ತದೆ. ಫ್ರಿಜ್ಜಿನ ಭರವಸೆಯಿಲ್ಲದ ಊರಿಗೆ ಪುಡಿಯೇ ಲೇಸು. ಕೊಡುವಾಗ ಶುದ್ಧನೀರು ಬೆರೆಸಿ ಸೀಸೆಯನ್ನು ಮೆಲ್ಲಗೆ ತಿರುಗಿಸಬೇಕು. ಗಡಬಡಿಸಿ ಕುಲುಕಿದರೆ ನೊರೆ ಬಂದು ಪ್ರೋಟೀನು ಕೆಡುತ್ತದೆ.

ಹಾಗಾದರೆ ಇನ್ನಷ್ಟು ಶುದ್ಧ ಮಾಡಿದರೆ ಇನ್ನಷ್ಟು ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಡ್ಡಪರಿಣಾಮದ ಮಟ್ಟಿಗೆ ಹೌದು. ಕುದುರೆಯ ಪ್ರೋಟೀನಿಗೆ ಕೆಲವರ ಮೈ ತಿರುಗಿಬೀಳುತ್ತದೆ, ಅದಕ್ಕೇ ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಿಟ್ಟುಕೊಂಡೇ ಮದ್ದು ಕೊಡುತ್ತಾರೆ. ಆದರೆ ಪ್ರತಿ ಹಂತದಲ್ಲೂ ಒಂದಿಷ್ಟು ಪ್ರತಿಕಾಯ ಸೋರಿಹೋಗಿ ಬೆಲೆ ಏರುತ್ತದೆ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಕುದುರೆಯ ಪ್ರತಿಕಾಯಗಳೆಲ್ಲ ಹಾವಿನ ವಿಷಕ್ಕೆಂದೇ ಹುಟ್ಟಿದವಲ್ಲ. ಕುದುರೆ ಜೀವಮಾನದಲ್ಲಿ ಎದುರಿಸಿದ ಎಲ್ಲ ರೋಗಾಣುಗಳ ವಿರುದ್ಧದ ಪ್ರತಿಕಾಯವೂ ಅದೇ ಸೀಸೆಗೆ ಬರುತ್ತದೆ. ನೂರಕ್ಕೆ ನೂರು ಶುದ್ಧ ಪ್ರತಿಕಾಯದ ಸೀಸೆಯಲ್ಲೂ ಕಚ್ಚಿದ ಹಾವಿಗೆ ಬೇಕಾದದ್ದು ಸಣ್ಣ ಪಾಲಷ್ಟೇ.

ಸೀಸೆಯ ಲೆಕ್ಕ ನೋಡಿ. ಮದ್ದಿನ 1 ಮಿ.ಲೀ. ನಾಗರಹಾವು ಮತ್ತು ಕೊಳಕುಮಂಡಲದ ತಲಾ 0.6 ಮಿ.ಗ್ರಾಂ, ಉಳಿದೆರಡರ ತಲಾ 0.45 ಮಿ.ಗ್ರಾಂ ವಿಷವನ್ನು ತಟಸ್ಥಗೊಳಿಸಬೇಕೆಂಬುದು ನಿಯಮ. ಅಂದರೆ 10 ಮಿ.ಲೀ. ಸೀಸೆಗೆ ಕೊಳಕುಮಂಡಲದ 6 ಮಿ.ಗ್ರಾಂ. ಈ ಹಾವು ಒಮ್ಮೆ ಕಚ್ಚಿದಾಗ ಇಳಿಸುವ ವಿಷ ಸರಾಸರಿ 63 ಮಿ.ಗ್ರಾಂ ಎಂದು ಹಿಡಿಯುವುದರಿಂದ ಮೊದಲ ಸುತ್ತಿಗೇ ಸುಮಾರು 10 ಸೀಸೆ. ಮಗುವಿಗೂ ಅಷ್ಟೇ ಸೀಸೆ; ಮಗುವೆಂದು ಹಾವು ವಿಷ ಕಡಿಮೆ ಮಾಡುವುದಿಲ್ಲವಲ್ಲ. ಮದ್ದು ಸಾಕಾಯಿತೇ ಎಂದು ತಿಳಿಯಲು ರೋಗಿಯ ರಕ್ತವನ್ನು ಒಣಗಿದ ಗಾಜಿನ ನಳಿಗೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಮೆಲ್ಲಗೆ ವಾಲಿಸಿದಾಗ ಇನ್ನೂ ಹೆಪ್ಪುಗಟ್ಟದೆ ನೀರಾಗಿ ಹರಿದರೆ ವಿಷ ಗೆದ್ದಿದೆ ಎಂದರ್ಥ. ಮದ್ದು ಎಷ್ಟು ವಿಷವನ್ನು ತಟಸ್ಥಗೊಳಿಸುತ್ತದೆಂಬ ಲೆಕ್ಕ ಇಲಿಗಳ ಮೇಲೆ ಮಾಡಿದ್ದು, ಅದೂ ವಿಷ ಮತ್ತು ಮದ್ದನ್ನು ಮೊದಲೇ ಬೆರೆಸಿ ಚುಚ್ಚಿ. ಪರೀಕ್ಷೆಗೆ ಬಳಸಿದ ವಿಷಕ್ಕೆ ಮಾತ್ರ ಆ 0.6 ಸತ್ಯ.

ಆ ವಿಷ ಬಹುಮಟ್ಟಿಗೆ ಬರುವುದು ತಮಿಳುನಾಡಿನಿಂದ, 1978ರಲ್ಲಿ ಇರುಳ ಬುಡಕಟ್ಟಿನವರು ಕಟ್ಟಿಕೊಂಡ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಸಂಘದ ಕೆಲಸ ದೊಡ್ಡದು, ತಪ್ಪು ಅವರದಲ್ಲ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಅವರ 2021ರ ಅಧ್ಯಯನದಲ್ಲಿ ಕೆಲವು ಪ್ರದೇಶಗಳ ಕೊಳಕುಮಂಡಲದ ವಿಷಕ್ಕೆ ಮಾರುಕಟ್ಟೆಯ ಮದ್ದು ಸಾಲದಾಯಿತು. ಒಣಹವೆಯ ಸೀಮೆಯ ಕೊಳಕುಮಂಡಲದ ವಿಷದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ಚಟುವಟಿಕೆ ಹೆಚ್ಚೆಂದು 2025ರಲ್ಲಿ ಕಂಡರು. ಬಾಗಲಕೋಟೆ ಜಿಲ್ಲೆಯ ಬೀಳಗಿಯ ಬಯಲು ತಮಿಳುನಾಡಿನ ಕರಾವಳಿಯಂಥದ್ದಲ್ಲ. ಇಲ್ಲಿಯ ವಿಷವನ್ನು ಬೇರೆಯಾಗಿಯೇ ಅಳೆದು ನೋಡಬೇಕಾದುದಕ್ಕೆ ಇಷ್ಟೇ ಕಾರಣ ಸಾಕು.

ಜಿಲ್ಲೆಗೊಂದು ಮದ್ದು ಮಾಡಿದರೆ ಖರ್ಚು ತಾಳಲಾಗದು, ಕಚ್ಚಿದ ಹಾವು ಯಾವುದೆಂದು ರೋಗಿಗೇ ಗೊತ್ತಿರದಾಗ ನಾಲ್ಕಕ್ಕೂ ಒಂದೇ ಮದ್ದು ಬೇಕೇ ಬೇಕು ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ಜಿಲ್ಲೆಗೊಂದು ಕಾರ್ಖಾನೆಯಲ್ಲ; ಕುದುರೆಗೆ ಚುಚ್ಚುವ ಮಿಶ್ರಣದಲ್ಲಿ ಬೇರೆ ಬೇರೆ ಸೀಮೆಯ ವಿಷಕ್ಕೆ ಜಾಗ, ಮತ್ತು ತಯಾರಾದ ಮದ್ದಿಗೆ ಆಯಾ ಸೀಮೆಯ ವಿಷದ ಮೇಲೆ ಪರೀಕ್ಷೆ. ಸಾವಿಗೆ ಮದ್ದಿನ ದೋಷಕ್ಕಿಂತ ತಡವಾಗಿ ಬರುವುದೇ ಕಾರಣ ಎಂಬ ಇನ್ನೊಂದು ಮಾತೂ ನಿಜವೇ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂಬ ಅಂದಾಜಿದೆ; ಅವರಲ್ಲಿ ಬಹಳ ಮಂದಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಬಂದವರ ವಿಷಯದಲ್ಲಿ ಜವಾಬ್ದಾರಿ ಸೀಸೆಯದೇ. ಕುದುರೆಯೇ ಬೇಡದ, ಪ್ರಯೋಗಾಲಯದಲ್ಲಿ ರೂಪಿಸಿದ ಮಾನವ ಪ್ರತಿಕಾಯದ ಸಂಶೋಧನೆಯಲ್ಲೂ ಸುನಗರ್ ತಂಡವಿದೆ. ಅದು ಇಲಿಯನ್ನು ಉಳಿಸಿದೆ, ಆಸ್ಪತ್ರೆಗೆ ಇನ್ನೂ ಬಂದಿಲ್ಲ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಆ ವರದಿಯಲ್ಲಿ ಕಚ್ಚಿದ ಹಾವು ಯಾವುದು, ಯಾವ ಊರಿನದು, ರಕ್ತ ಮತ್ತೆ ಹೆಪ್ಪುಗಟ್ಟಲು ಎಷ್ಟು ಸೀಸೆ ಹಿಡಿಯಿತು ಎಂಬುದೂ ಸೇರಲಿ.