ಪೆಟ್ಟು ಒಂದು ಚೀಟಿಯಲ್ಲಿ, ಸಿಟ್ಟು ಇನ್ನೊಂದರಲ್ಲಿ

ನಮ್ಮ ಕಾಕಾ ಗೌಂಡಿ. ಹನ್ನೊಂದು ವರ್ಷದ ಹಿಂದೆ ಒಂದು ರಾತ್ರಿ ಕೆಲಸ ಮುಗಿಸಿ ಕುಷ್ಟಗಿಗೆ ಬರುವಾಗ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದರು. ಹಣೆಯ ಭಾಗಕ್ಕೆ ಪೆಟ್ಟಾಗಿ ನಾಲ್ಕು ದಿನ ಎಚ್ಚರವಿರಲಿಲ್ಲ. ದೂರದ ಆಸ್ಪತ್ರೆಯೊಂದರಲ್ಲಿ ಮೂರು ವಾರ ಇದ್ದು ಮನೆಗೆ ಬಂದಾಗ ಓಣಿಯವರೆಲ್ಲ ಬಂದು ನೋಡಿ, "ದೇವರು ದೊಡ್ಡಾಂವ" ಅಂದು ಹೋದರು. ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ, ಮಾತ್ರೆ, ಮತ್ತೆ ಬರಬೇಕಾದ ತಾರೀಖು ಎಲ್ಲ ಇತ್ತು. ಮನಸ್ಸಿಗೆ ಮುಂದೆ ಏನಾಗಬಹುದು ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

ಆರು ತಿಂಗಳಲ್ಲಿ ಗಾಯ ಮಾಸಿತು. ಆದರೆ ಗೋಡೆಯ ಓರೆಯನ್ನು ಕಣ್ಣಳತೆಯಲ್ಲೇ ಹೇಳುತ್ತಿದ್ದ ಮನುಷ್ಯ, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ನಿಂತುಬಿಡುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೆ ತಾಟು ಎಸೆಯುತ್ತಿದ್ದರು, ಸ್ವಲ್ಪ ಹೊತ್ತಿಗೆ ಕೂತು ಅಳುತ್ತಿದ್ದರು. ದಿನಗಟ್ಟಲೆ ಕಟ್ಟೆಯ ಮೇಲೆ ಮಾತಿಲ್ಲದೆ ಕೂರುತ್ತಿದ್ದರು. ಮುಂದೆ ಕುಡಿತ ಶುರುವಾಯಿತು. ಅಲ್ಲಿಂದಾಚೆ ಊರಿನ ಕಣ್ಣಿಗೆ ಬಿದ್ದದ್ದು ಕುಡಿತ ಒಂದೇ. ಕೆಲವರು ಗಾಳಿ ಸೋಕಿದೆ ಎಂದರು. ಚಿಗವ್ವ ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ಬಿದ್ದು ಬಂದ ಮ್ಯಾಲೆ ಇವರು ಮೊದಲಿನ ಮನಷ್ಯಾ ಅಲ್ಲ."

ಈ ಮಾತನ್ನು ನಾನು ಮತ್ತೆ ಕಂಡದ್ದು ವೈದ್ಯಕೀಯ ಚರಿತ್ರೆಯ ಪುಸ್ತಕಗಳಲ್ಲಿ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಾದಿಗಾಗಿ ಬಂಡೆ ಒಡೆಸುತ್ತಿದ್ದ ಫಿನಿಯಾಸ್ ಗೇಜ್ ಎಂಬ 25ರ ಯುವಕ ಕುಳಿಗೆ ಮದ್ದು ತುಂಬಿ ಜಡಿಯುತ್ತಿದ್ದ. ಇಳಕಲ್ ಗ್ರಾನೈಟಿನ ಸೀಮೆಯಲ್ಲಿ ಬೆಳೆದ ನಮಗೆ ಆ ಕೆಲಸ ಹೊಸದಲ್ಲ. ಮದ್ದು ಸಿಡಿದು, ಒಂದು ಮೀಟರಿಗೂ ಉದ್ದದ, ಸುಮಾರು 6 ಕೆ.ಜಿ. ತೂಕದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಗೇಜ್ ಬದುಕಿದ. ಆದರೆ ಜವಾಬ್ದಾರಿಯ ಮೇಸ್ತ್ರಿಯಾಗಿದ್ದವನು ಬೈಗುಳದ, ನಿಲುವಿಲ್ಲದ ಮನುಷ್ಯನಾದ. ಇವನು ಆ ಗೇಜ್ ಅಲ್ಲವೇ ಅಲ್ಲ ಎಂದು ಗೆಳೆಯರು ಹೇಳಿದರಂತೆ. ಇದನ್ನು ಬರೆದಿಟ್ಟವರು ಅವನಿಗೆ ಚಿಕಿತ್ಸೆ ಮಾಡಿದ ವೈದ್ಯ ಜಾನ್ ಹಾರ್ಲೋ. ಅವರು 1848ರಲ್ಲೇ ಗಾಯದ ವರದಿ ಪ್ರಕಟಿಸಿದ್ದರು. ಸ್ವಭಾವದ ಬದಲಾವಣೆಯನ್ನು ವಿವರವಾಗಿ ಬರೆದದ್ದು 1868ರಲ್ಲಿ, ಗೇಜ್ ಸತ್ತು ಎಂಟು ವರ್ಷವಾದ ಮೇಲೆ. ಹೊಲಿಗೆಗೂ ಸ್ವಭಾವಕ್ಕೂ ನಡುವೆ ಇಪ್ಪತ್ತು ವರ್ಷ.

ಈ ಕಥೆಯ ಕೊನೆಯನ್ನು ಬಹಳ ಮಂದಿ ಹೇಳುವುದಿಲ್ಲ. ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಸಾರೋಟು ಓಡಿಸಿದ. ದಿನವೂ ಅದೇ ಹಾದಿ, ಅದೇ ಹೊತ್ತು, ಅದೇ ಕ್ರಮ. ಆ ಶಿಸ್ತೇ ಅವನನ್ನು ಎಷ್ಟೋ ಮಟ್ಟಿಗೆ ಸರಿಪಡಿಸಿರಬೇಕು ಎಂದು ಇತಿಹಾಸಕಾರ ಮಾಲ್ಕಮ್ ಮ್ಯಾಕ್ಮಿಲನ್ ವಾದಿಸಿದ್ದಾರೆ.

ಆ ಕಾಲದಲ್ಲಿ ಕುಷ್ಟಗಿಯ ಗೌಂಡಿಯೊಬ್ಬನಿಗೆ ಹೀಗೆ ಆಗಿದ್ದರೆ? ಧಾರವಾಡದಲ್ಲಿ 1845ರಿಂದಲೇ ಹುಚ್ಚರ ಆಸ್ಪತ್ರೆ ಇತ್ತು. ಇಂದಿನ ಡಿಮ್ಹಾನ್ಸ್ ಅದರದೇ ಮುಂದುವರಿಕೆ. ಆದರೆ ಧಾರವಾಡ ಮುಂಬಯಿ ಪ್ರಾಂತ್ಯದ್ದು, ಬಳ್ಳಾರಿ ಮದ್ರಾಸಿನದು, ಕುಷ್ಟಗಿ ನಿಜಾಮನದು. ನಿಜಾಮ ಸಂಸ್ಥಾನದ ಮಾನಸಿಕ ಆಸ್ಪತ್ರೆ ಮೊದಲು ಹೈದರಾಬಾದಿನ ಜೈಲಿನೊಳಗಿದ್ದು, ಆಮೇಲೆ ಇಲ್ಲಿಂದ ನಾನೂರು ಕಿಲೋಮೀಟರಿಗೂ ದೂರದ ಜಾಲ್ನಾಕ್ಕೆ ಹೋಯಿತು. 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. ಹತ್ತಿರದ ದವಾಖಾನೆ ಪರರಾಜ್ಯದಲ್ಲಿ, ಸ್ವಂತ ರಾಜ್ಯದ ದವಾಖಾನೆ ದೂರದಲ್ಲಿ. 1956ರ ನವೆಂಬರ್ 1ರವರೆಗೆ ನಮ್ಮ ಸೀಮೆಯ ಸ್ಥಿತಿ ಇದು.

ಹೋಗಿ ಸೇರಿದ್ದರೂ ಪೆಟ್ಟು ದಾಖಲಾಗುತ್ತಿತ್ತೆಂದು ಹೇಳಲಾಗದು. ಬ್ರಿಟಿಷ್ ಭಾರತದ ಹುಚ್ಚಾಸ್ಪತ್ರೆಗಳ ವಾರ್ಷಿಕ ವರದಿಗಳಲ್ಲಿ 'ಕಾರಣ' ಎಂಬ ಕೋಷ್ಟಕ ಇರುತ್ತಿತ್ತು. ತಲೆಗೆ ಬಿದ್ದ ಏಟೂ ಅದರಲ್ಲಿ ಒಂದು ಬಾಬ್ತು. ಆದರೆ ಎದ್ದು ಕಾಣುತ್ತಿದ್ದದ್ದು ಗಾಂಜಾ. 1893ರಲ್ಲಿ ನೇಮಕವಾದ ಗಾಂಜಾ ವಿಚಾರಣಾ ಆಯೋಗ ಈ ಅಂಕಿಗಳ ಬುಡ ಹುಡುಕಿಕೊಂಡು ಹೋಯಿತು. ಕಾರಣದ ಮನೆಯನ್ನು ಬಹಳ ಸಲ ವೈದ್ಯರು ತಾವೇ ವಿಚಾರಿಸಿ ತುಂಬಿದ್ದಲ್ಲ; ರೋಗಿಯ ಜೊತೆ ಪೊಲೀಸರು ಕಳಿಸಿದ ಕಾಗದದಿಂದ ಎತ್ತಿಕೊಂಡದ್ದು ಎಂದು ಅದು ಕಂಡುಕೊಂಡಿತು. ಸೇದುವವನು ಎಂದು ಗೊತ್ತಾದರೆ ಸಾಕು, ಕಾರಣ ಸಿಕ್ಕಂತೆ. ನಮ್ಮ ಓಣಿಯೂ ಕಾಕಾನ ವಿಷಯದಲ್ಲಿ ಮಾಡಿದ್ದು ಇದನ್ನೇ. ಪೆಟ್ಟಿನ ನಂತರ ಬಂದ ಕುಡಿತವನ್ನು ಎಲ್ಲದರ ಕಾರಣ ಎಂದು ಬರೆದುಕೊಂಡಿತು.

1904ರಲ್ಲಿ ಅಡಾಲ್ಫ್ ಮೇಯರ್ ಎಂಬ ಮನೋವೈದ್ಯರು ತಲೆಪೆಟ್ಟಿನ ನಂತರದ ಮನೋರೋಗಗಳನ್ನು ವಿಂಗಡಿಸಿ ದೊಡ್ಡ ಲೇಖನ ಬರೆದರು. ಎರಡು ಮಹಾಯುದ್ಧಗಳು ಈ ವಿಷಯವನ್ನು ಇನ್ನಷ್ಟು ಕಲಿಸಿದವು. ಹಣೆಯ ಹಿಂದಿನ ಮಿದುಳಿನ ಭಾಗ ಸಿಟ್ಟಿಗೆ ಲಗಾಮು ಹಾಕುತ್ತದೆ, ಕೆಲಸಕ್ಕೆ ಕ್ರಮ ಕೊಡುತ್ತದೆ. ಅಲ್ಲಿ ಪೆಟ್ಟಾದರೆ ಎರಡೂ ಸಡಿಲವಾಗುತ್ತವೆ. ಖಿನ್ನತೆ, ಆತಂಕ, ನಿರುತ್ಸಾಹ ಬಹಳ ಮಂದಿಯನ್ನು ಕಾಡುತ್ತವೆ. ಆತ್ಮಹತ್ಯೆಯ ಅಪಾಯವೂ ಉಳಿದವರಿಗಿಂತ ಹೆಚ್ಚು. ಮಿದುಳಿನ ಗಾಯದ ಜೊತೆಗೆ ಹೋದ ಕೂಲಿ, ಹೋದ ಮರ್ಯಾದೆಯೂ ಸೇರಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಈ ಎರಡು ಎಳೆಗಳು ಒಂದೇ ಅಂಗಳಕ್ಕೆ ಬಂದದ್ದು 1974ರ ಡಿಸೆಂಬರ್ 27ರಂದು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. ಅದರ ಮೊದಲ ನಿರ್ದೇಶಕರು ಮಿದುಳಿನ ಶಸ್ತ್ರಚಿಕಿತ್ಸಕರಾದ ಡಾ. ಆರ್.ಎಂ. ವರ್ಮಾ. 1985ರಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಗುರುತಿಸುವುದನ್ನು ಕಲಿಸಲು ಶುರುಮಾಡಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ. 2014ರಲ್ಲಿ 'ಮನೋಚೈತನ್ಯ' ಯೋಜನೆ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರನ್ನು ಕಳಿಸತೊಡಗಿತು.

ಕಾಕಾನನ್ನು ನಾವು ಕರೆದುಕೊಂಡು ಹೋದದ್ದೂ ಒಂದು ಮಂಗಳವಾರವೇ. ಬಿದ್ದು ಆರು ವರ್ಷವಾಗಿತ್ತು. ಚಿಗವ್ವ ಕುಡಿತದ ಕಥೆ ಹೇಳಿ ಮುಗಿಸುವವರೆಗೆ ಡಾಕ್ಟರು ಕೇಳಿಸಿಕೊಂಡರು. ಆಮೇಲೆ ಕೇಳಿದರು: "ಇದಕ್ಕಿಂತ ಮೊದ್ಲು ತಲೀಗೆ ಏನರ ಪೆಟ್ಟು ಬಿದ್ದಿತ್ತೇನವ್ವಾ?" ಆರು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಚಿಗವ್ವ ಮರುವಾರ ಟ್ರಂಕಿನಿಂದ ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ ತಂದಳು.

ಕಾಕಾ ಪೂರ್ತಿ ಮೊದಲಿನಂತಾಗಿಲ್ಲ. ಮಾತ್ರೆ ನಡೆದಿದೆ, ಕುಡಿತ ಬಹಳಷ್ಟು ಕಡಿಮೆಯಾಗಿದೆ. ಬೆಳಗ್ಗೆ ಎಂಟಕ್ಕೆ ತಮ್ಮನ ಜೊತೆ ಕೆಲಸಕ್ಕೆ ಹೋಗಿ, ಅವನು ಒಂದು ಸಲಕ್ಕೆ ಒಂದು ಕೆಲಸ ಹೇಳಿದರೆ ಮಾಡುತ್ತಾರೆ. ಈಗಲೂ ಒಮ್ಮೊಮ್ಮೆ ತಾಟು ಎಸೆಯುತ್ತಾರೆ. ಆಗ ಚಿಗವ್ವ ಬೈಯುವುದಿಲ್ಲ. "ಪೆಟ್ಟಿನ ಸಿಟ್ಟದು," ಅಂದು ತಾಟು ಎತ್ತಿಡುತ್ತಾಳೆ. ಎರಡೂ ಚೀಟಿಗಳು ಈಗ ಒಂದೇ ಪ್ಲಾಸ್ಟಿಕ್ ಚೀಲದಲ್ಲಿವೆ.